ಮಹಾಲಿಂಗಪುರ: ಬೆಲ್ಲದ ಪೇಟೆ, ದೂರದ ಕಚೇರಿ

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರವೆಂದರೆ ಥಟ್ಟನೆ ನೆನಪಾಗುವುದು ಬೆಲ್ಲ. ಘಟಪ್ರಭಾ ಎಡದಂಡೆ ಕಾಲುವೆಯ ನೀರು ಈ ಸೀಮೆಯಲ್ಲಿ ಕಬ್ಬನ್ನು ಹಬ್ಬಿಸಿತು. ಸುತ್ತಲಿನ ಗಾಣಗಳ ಬೆಲ್ಲ ಇಲ್ಲಿನ ಎಪಿಎಂಸಿ ಪೇಟೆಗೆ ಬಂದು, ಹೊರರಾಜ್ಯಗಳಿಗೂ ಸಾಗುತ್ತದೆ. ಸಮೀಪದ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೂ ಅದೇ ಕಬ್ಬು ಬೇಕು. ಹೀಗಾಗಿ ಕಬ್ಬಿನ ದರ ಏರಿಳಿದರೆ ಪೇಟೆಯ ವಹಿವಾಟೂ ಏರಿಳಿಯುತ್ತದೆ.

ಒಕ್ಕಲುತನದಷ್ಟೇ ನೇಕಾರಿಕೆಯೂ ಇಲ್ಲಿನವರ ಬದುಕಿಗೆ ಆಧಾರ. ಊರಿನ ಹೆಸರಿಗೆ ಮೂಲವಾದ ಮಹಾಲಿಂಗೇಶ್ವರನ ಜಾತ್ರೆ ಎಲ್ಲ ಕಸುಬಿನವರನ್ನೂ ಕೂಡಿಸುತ್ತದೆ.

ಆಡಳಿತದ ನೆಲೆ ಮಾತ್ರ ಬದಲಾಗುತ್ತಲೇ ಬಂದಿದೆ. ಘೋರ್ಪಡೆ ಅರಸರ ಮುಧೋಳ ಸಂಸ್ಥಾನದಲ್ಲಿದ್ದ ಊರು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ವಿಜಾಪುರ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ, 1997ರಲ್ಲಿ ನೂತನ ಬಾಗಲಕೋಟೆ ಜಿಲ್ಲೆಗೆ ಬಂದಿತು. ಬಹುಕಾಲ ಮುಧೋಳ ತಾಲ್ಲೂಕಿನಲ್ಲಿದ್ದ ಈ ಪಟ್ಟಣ ಬಳಿಕ ಹೊಸ ರಬಕವಿ-ಬನಹಟ್ಟಿ ತಾಲ್ಲೂಕಿನ ಪಾಲಾಯಿತು. ವಿಧಾನಸಭೆಗೆ ಇದು ತೇರದಾಳ ಕ್ಷೇತ್ರದಲ್ಲಿದೆ.

ಊರಿನ ನೀರು, ರಸ್ತೆ, ನೈರ್ಮಲ್ಯವನ್ನು ಪುರಸಭೆ ನೋಡಿಕೊಳ್ಳುತ್ತದೆ. ಆದರೆ ಭೂದಾಖಲೆಯಂಥ ಕೆಲಸಗಳಿಗೆ ತಾಲ್ಲೂಕು ಕಚೇರಿಯೇ ಗತಿ. ದೂರದ ವ್ಯಾಪಾರಿಗಳು ತನ್ನ ಬಳಿಗೆ ಬರುವಾಗ, ತನ್ನ ರೈತರು ಕಾಗದಪತ್ರಕ್ಕಾಗಿ ಪರವೂರಿಗೆ ಹೋಗಬೇಕೇ ಎಂಬ ಪ್ರಶ್ನೆಯೇ 2022ರಲ್ಲಿ ಇಲ್ಲಿ ನಡೆದ ತಾಲ್ಲೂಕು ಹೋರಾಟದ ತಿರುಳು.