ಸುವಾರ್ತೆಗಳ ಪ್ರಾಮಾಣ್ಯವಿಚಾರ

ನೆರೆಮನೆಯವರ ಧರ್ಮಗ್ರಂಥದ ಕುರಿತು ಜನರಾಡುವ ಮಾತು ಸಾಮಾನ್ಯವಾಗಿ ಎರಡು ಬಗೆಯದು: “ಅದರಲ್ಲಿ ಬರೆದುದೆಲ್ಲವೂ ಅಕ್ಷರಶಃ ಸತ್ಯ” ಎಂಬುದೊಂದು; “ಅದೆಲ್ಲವೂ ಕಟ್ಟುಕಥೆ” ಎಂಬುದು ಮತ್ತೊಂದು. ಎರಡೂ ಪರೀಕ್ಷೆಯಿಲ್ಲದೆ ಹುಟ್ಟಿದ ಮಾತುಗಳೇ. ಕ್ರೈಸ್ತರ ನಾಲ್ಕು ಸುವಾರ್ತೆಗಳನ್ನು ಕುರಿತು ವಿಚಾರಮಾಡಬಯಸುವ ಗೃಹಸ್ಥನು ಇವೆರಡನ್ನೂ ಬದಿಗಿಟ್ಟು, ಇವಕ್ಕೆ ಪ್ರಮಾಣವೇನೆಂದು ಕೇಳುವುದು ಯುಕ್ತವು.

ನಮ್ಮ ಮಂಗಳೂರಿನಲ್ಲಿ ಈ ಪ್ರಶ್ನೆಯು ಪಂಡಿತರ ವಿನೋದಕ್ಕಾಗಿ ಹುಟ್ಟಿದುದಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಇಲ್ಲಿಗೆ ಬಂದರು. 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. 1844ರಲ್ಲಿ ಆನಂದರಾವ್ ಕೌಂಡಿನ್ಯರೆಂಬ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಹೊಂದಿ ಹೆರ್ಮನ್ ಎಂಬ ಹೆಸರನ್ನು ಧರಿಸಿದರು. ಬಾಸೆಲ್ ನಗರದಲ್ಲಿ ಶಿಕ್ಷಣ ಪಡೆದು ಬೋಧಕರಾಗಿ ಮರಳಿದರು. ಆ ಕಾಲದಲ್ಲಿ ಇಂತಹ ನಿರ್ಧಾರವೆಂದರೆ ಕುಲಬಾಂಧವರ ಪಂಕ್ತಿಯಿಂದ ಹೊರಬೀಳುವುದೆಂದೇ ಅರ್ಥ. ಒಬ್ಬ ಮನುಷ್ಯನು ಇಷ್ಟು ಬೆಲೆ ತೆತ್ತು ನಂಬಿದ ಗ್ರಂಥವು ನಂಬತಕ್ಕದ್ದೇ ಎಂಬ ಪ್ರಶ್ನೆ ಲಘುವಾದುದಲ್ಲ.

ಮೊದಲನೆಯದಾಗಿ ಪಾಠದ ವಿಚಾರ. ಇದೇ ಮುದ್ರಣಾಲಯದಿಂದ ಕಿಟ್ಟೆಲರು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಹೊರತಂದರು. ಕೇಶಿರಾಜನು 13ನೆಯ ಶತಮಾನದವನು; ಅವನ ಸ್ವಹಸ್ತದ ಪ್ರತಿ ನಮಗುಳಿದಿಲ್ಲ. ಆದರೂ ಹಸ್ತಪ್ರತಿಗಳನ್ನು ಹೋಲಿಸಿ, ಲಿಪಿಕಾರರ ದೋಷಗಳನ್ನು ತಿದ್ದಿ, ಗ್ರಂಥವನ್ನು ನಾವು ನಿಶ್ಚಿಂತೆಯಿಂದ ಓದುತ್ತೇವೆ. ಸುವಾರ್ತೆಗಳ ಸ್ಥಿತಿಯೂ ಹೀಗೆಯೇ. ಮೂಲಪ್ರತಿಗಳು ಉಳಿದಿಲ್ಲ, ಆದರೆ ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು, ತುಣುಕುಗಳೂ ಸೇರಿ, ಐದು ಸಾವಿರಕ್ಕೂ ಮಿಕ್ಕಿವೆ. ಮ್ಯಾಂಚೆಸ್ಟರಿನಲ್ಲಿರುವ ಯೋಹಾನನ ಸುವಾರ್ತೆಯ ಅಂಗೈಗಿಂತ ಕಿರಿದಾದ ತುಣುಕೊಂದನ್ನು ಅನೇಕ ವಿದ್ವಾಂಸರು 2ನೆಯ ಶತಮಾನದ್ದೆಂದು ಎಣಿಸುತ್ತಾರೆ. ಪಾಠಾಂತರಗಳೂ ಹೇರಳವಾಗಿವೆ. ಮಾರ್ಕನ ಕೊನೆಯ ಹನ್ನೆರಡು ವಚನಗಳೂ, ಯೋಹಾನನಲ್ಲಿ ಬರುವ ವ್ಯಭಿಚಾರಿಣಿಯ ಪ್ರಸಂಗವೂ ಅತಿ ಪ್ರಾಚೀನ ಪ್ರತಿಗಳಲ್ಲಿಲ್ಲ. ಇವನ್ನು ಕಂಡುಹಿಡಿದು ಪ್ರಕಟಿಸಿದವರಲ್ಲಿ ಹೆಚ್ಚಿನವರು ಕ್ರೈಸ್ತ ವಿದ್ವಾಂಸರೇ ಎಂಬುದನ್ನು ಮರೆಯಲಾಗದು.

ಎರಡನೆಯದು ಕಾಲದ ವಿಚಾರ. ಯೇಸುವು ಶಿಲುಬೆಗೇರಿದುದು ಸುಮಾರು ಕ್ರಿ. ಶ. 30ರಲ್ಲಿ. ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರವು ಸುಮಾರು 55ರದು. ಯೇಸುವನ್ನು ಪುನಃ ಜೀವಂತನಾಗಿ ಕಂಡವರೆಂದು ಅವನು ಹೇಳುವವರಲ್ಲಿ ಬಹುಮಂದಿ ಆಗಿನ್ನೂ ಬದುಕಿದ್ದರೆಂದು ಅದರಲ್ಲಿದೆ. ಮಾರ್ಕನ ಸುವಾರ್ತೆಯು ಸುಮಾರು 70ರದೆಂಬುದು ಬಹುಮತ. ಹೊರಗಿನವರ ಸಾಕ್ಷ್ಯವೂ ಇಲ್ಲದಿಲ್ಲ. ಕ್ರೈಸ್ತರನ್ನು ಹೀಗಳೆದ ರೋಮಿನ ಇತಿಹಾಸಕಾರ ತಾಸಿತನೇ, ಪಿಲಾತನ ಆಡಳಿತದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು 2ನೆಯ ಶತಮಾನದ ಆರಂಭದಲ್ಲಿ ಬರೆದಿದ್ದಾನೆ. ಆ ಪಿಲಾತನ ಹೆಸರುಳ್ಳ ಶಿಲಾಶಾಸನವು 1961ರಲ್ಲಿ ಕೈಸರೈಯದಲ್ಲಿ ದೊರೆಯಿತು.

ಮೂರನೆಯದು ಸಾಕ್ಷಿಗಳ ಪರಸ್ಪರ ಭೇದ. ನಾಲ್ವರೂ ಒಂದೇ ರೀತಿ ಹೇಳುವುದಿಲ್ಲ. ಒಂದಕ್ಷರವೂ ಹೆಚ್ಚುಕಡಮೆಯಿಲ್ಲದೆ ನುಡಿವ ಸಾಕ್ಷಿಗಳನ್ನು ನ್ಯಾಯಾಧೀಶನು ಸಂಶಯಿಸುತ್ತಾನಾದ ಕಾರಣ, ಭೇದಮಾತ್ರವು ದೋಷವಲ್ಲ. ಆದರೆ ಇವರನ್ನು ನಾಲ್ಕು ಸ್ವತಂತ್ರ ಸಾಕ್ಷಿಗಳೆಂದು ಎಣಿಸುವಂತೆಯೂ ಇಲ್ಲ. ಮತ್ತಾಯ ಲೂಕರು ಮಾರ್ಕನನ್ನು ಅನುಸರಿಸಿದ್ದಾರೆಂಬುದು ಇಂದಿನ ಬಹುಮಂದಿ ವಿದ್ವಾಂಸರ ಮತ. ಲೂಕನು ಹೇಳುವ ಜನಗಣತಿಯ ಕಾಲವೂ ಹೆರೋದರಾಜನ ಕಾಲಕ್ಕೆ ಸುಲಭವಾಗಿ ಹೊಂದುವುದಿಲ್ಲ. ಇತ್ತ ಇನ್ನೊಂದಂಶವನ್ನೂ ತೂಗಬೇಕು. ಮುಖ್ಯಶಿಷ್ಯನಾದ ಪೇತ್ರನು ತನ್ನ ಗುರುವನ್ನೇ ಅರಿಯೆನೆಂದುದನ್ನೂ, ಬರಿದಾದ ಸಮಾಧಿಯನ್ನು ಮೊದಲು ಕಂಡವರು ಸ್ತ್ರೀಯರೆಂಬುದನ್ನೂ ನಾಲ್ವರೂ ಮುಚ್ಚಿಡಲಿಲ್ಲ. ಸ್ತ್ರೀಸಾಕ್ಷ್ಯಕ್ಕೆ ಬೆಲೆ ಕಡಮೆಯಿದ್ದ ಆ ಸಮಾಜದಲ್ಲಿ ಕಥೆ ಕಟ್ಟುವವನು ಇಂತಹದನ್ನು ಕಟ್ಟುವುದು ವಿರಳ.

ಹಾಗಾದರೆ ಫಲಿತವೇನು? ಯೇಸುವೆಂಬ ಬೋಧಕನಿದ್ದನು, ಪಿಲಾತನಿಂದ ಶಿಲುಬೆಗೆ ಹಾಕಲ್ಪಟ್ಟನು, ಅವನು ಎದ್ದನೆಂದು ಅವನ ಶಿಷ್ಯರು ಬಹುಬೇಗನೆ ಸಾರತೊಡಗಿದರು: ಇಷ್ಟನ್ನು ಇತಿಹಾಸವು ದೃಢವಾಗಿ ಹೇಳಬಲ್ಲದು. ಅವನು ನಿಜವಾಗಿ ಎದ್ದನೇ ಎಂಬಲ್ಲಿ ಇತಿಹಾಸವು ಹೊಸ್ತಿಲಲ್ಲಿಯೇ ನಿಲ್ಲುತ್ತದೆ. ನಮ್ಮ ನೈಯಾಯಿಕರು ಆಪ್ತನ ಮಾತನ್ನೂ ಪ್ರಮಾಣವೆಂದೊಪ್ಪಿದರು; ಆದರೆ ಹೇಳುವವನು ವಿಷಯವನ್ನು ಬಲ್ಲವನಾಗಿರಬೇಕು, ಮೋಸವರಿಯದವನಾಗಿರಬೇಕು. ಆ ಶಿಷ್ಯರು ಅಂತಹ ಆಪ್ತರೆಂದು ಒಪ್ಪಿದವನು ಕ್ರೈಸ್ತನಾಗಿ ನಂಬುತ್ತಾನೆ. ಅವರು ವಂಚಕರಲ್ಲ, ಆದರೆ ಭ್ರಾಂತರಾಗಿರಬಹುದೆಂದು ಎಣಿಸಿದವನು ನಂಬದೆ ಉಳಿಯುತ್ತಾನೆ. ಇಬ್ಬರೂ ವಿಚಾರಶೂನ್ಯರಲ್ಲ.

ಆದಕಾರಣ ವಾಚಕರು ತಮ್ಮ ಮಕ್ಕಳಿಗೆ ಇಷ್ಟನ್ನು ಕಲಿಸಿದರೆ ಸಾಕು: ಪರರ ಗ್ರಂಥವನ್ನು ಯಾವ ಒರೆಗಲ್ಲಿಗೆ ತಿಕ್ಕುತ್ತೇವೆಯೋ ನಮ್ಮ ಗ್ರಂಥವನ್ನೂ ಅದೇ ಒರೆಗಲ್ಲಿಗೆ ತಿಕ್ಕಬೇಕು. ಪರೀಕ್ಷೆಗೆ ಅಂಜುವ ಶ್ರದ್ಧೆ ದುರ್ಬಲವಾದುದು. ಶ್ರದ್ಧೆಯನ್ನೆಲ್ಲ ಮೌಢ್ಯವೆಂದು ನಗುವ ಪರೀಕ್ಷೆಯು ಅಪೂರ್ಣವಾದುದು.