ದುರಸ್ತಿ ಮುಗಿಯುವುದು ಕಡಲಿನಲ್ಲೇ

ಬಂಟ್ವಾಳ ಮೂಲದ ಮಲ್ಯ ಮನೆತನ ಎಂದೊಡನೆ ಜನರಿಗೆ ನೆನಪಾಗುವ ಹಡಗು ‘ಇಂಡಿಯನ್ ಎಂಪ್ರೆಸ್’. 95 ಮೀಟರ್ ಉದ್ದದ ಆ ವಿಹಾರನೌಕೆಯನ್ನು ಸಿಬ್ಬಂದಿಯ ಸಂಬಳ ಬಾಕಿಯ ಕಾರಣಕ್ಕೆ 2018ರಲ್ಲಿ ಮಾಲ್ಟಾದಲ್ಲಿ ತಡೆಹಿಡಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಅದಕ್ಕಿಂತ ಮೊದಲೇ, 1990ರ ದಶಕದಲ್ಲಿ, ಉದ್ಯಮಿ ವಿಜಯ್ ಮಲ್ಯ ಇನ್ನೊಂದು ನೌಕೆಯನ್ನು ಕೊಂಡಿದ್ದರು. ಉದ್ದದಲ್ಲಿ ಎಂಪ್ರೆಸ್‌ನ ಅರ್ಧದಷ್ಟು. ಇತಿಹಾಸದಲ್ಲಿ ಎಷ್ಟೋ ಪಾಲು ಶ್ರೀಮಂತ. ಅದರ ಹೆಸರು ‘ಕಲಿಜ್ಮಾ’.

ಈ ನೌಕೆ ನೀರಿಗಿಳಿದದ್ದು 1906ರಲ್ಲಿ, ಸ್ಕಾಟ್ಲೆಂಡಿನ ಲೀತ್ ಬಂದರಿನ ರಾಮೇಜ್ ಆ್ಯಂಡ್ ಫರ್ಗ್ಯುಸನ್ ಹಡಗುಕಟ್ಟೆಯಿಂದ. ಆಗ ಅದರ ಹೆಸರು ‘ಮಿನೋನಾ’, ಓಡುತ್ತಿದ್ದದ್ದು ಹಬೆಯಿಂದ. ಮುಂದೆ ಬಾಯ್ಲರ್ ಹೋಗಿ ಡೀಸೆಲ್ ಎಂಜಿನ್ ಬಂತು. 1967ರಲ್ಲಿ ಚಿತ್ರನಟ ರಿಚರ್ಡ್ ಬರ್ಟನ್ ಮತ್ತು ಎಲಿಜಬೆತ್ ಟೇಲರ್ ದಂಪತಿ ಅದನ್ನು ಕೊಂಡು, ಕೇಟ್, ಲಿಜಾ, ಮರಿಯಾ ಎಂಬ ಹೆಣ್ಣುಮಕ್ಕಳ ಹೆಸರುಗಳ ಮೊದಲ ಭಾಗಗಳನ್ನು ಕೂಡಿಸಿ ಕಲಿಜ್ಮಾ ಎಂದು ಕರೆದರು. ನೂರು ವರ್ಷ ದಾಟಿಯೂ ಅಂಥ ನೌಕೆ ತೇಲುತ್ತಿರಬೇಕಾದರೆ ಕಾರಣ ಒಂದೇ. ಕೈ ಬದಲಾದಾಗಲೆಲ್ಲ ಯಾರೋ ಒಬ್ಬರು ಅದನ್ನು ಗುಜರಿಗೆ ಹಾಕದೆ ದುರಸ್ತಿ ಮಾಡಿಸಿದ್ದಾರೆ.

ಹಳೆಯ ಮೋಟಾರು ನೌಕೆಯನ್ನು ಮತ್ತೆ ಕಟ್ಟುವ ಕೆಲಸವನ್ನು ಫೋಟೊಗಳಲ್ಲಿ ನೋಡುವವರಿಗೆ ಹೊಳೆಯುವ ವಾರ್ನಿಷ್, ಹಿತ್ತಾಳೆಯ ಕಿಟಕಿ, ಸಾಗುವಾನಿ ಹಲಗೆಯ ಅಟ್ಟ ಕಾಣುತ್ತವೆ. ಕಟ್ಟೆಯಲ್ಲಿ ಎಲ್ಲವೂ ಮುಗಿದಂತೆ ತೋರುತ್ತದೆ. ನಿಜವಾದ ಪರೀಕ್ಷೆ ಶುರುವಾಗುವುದು ನೌಕೆ ಅಲ್ಲಿಂದ ತನ್ನ ಊರಿನ ಬಂದರಿಗೆ ಹೊರಟ ದಿನ. ಕಟ್ಟೆಯ ನಿಂತ ನೀರಿನಲ್ಲಿ ಅಡಗಿದ್ದ ದೋಷಗಳೆಲ್ಲ ಅಲೆಯ ಮೇಲೆ ಒಂದೊಂದಾಗಿ ಹೊರಬರುತ್ತವೆ.

ಮೊದಲನೆಯದು ಮರ. ತಿಂಗಳುಗಟ್ಟಲೆ ನೆಲದ ಮೇಲೆ ನಿಂತ ಮರದ ದೋಣಿ ಒಣಗಿ ಕುಗ್ಗುತ್ತದೆ. ಹಲಗೆಗಳ ನಡುವಿನ ಸಂದಿ ಅಗಲವಾಗುತ್ತದೆ. ಬಡಗಿಗಳು ಆ ಸಂದಿಗಳಿಗೆ ಹತ್ತಿಯ ಎಳೆ ತುಂಬಿ, ಮೇಲೆ ಮೇಣ ಬಳಿದು ಮುಚ್ಚುತ್ತಾರೆ. ಆದರೂ ನೀರಿಗಿಳಿದ ಮೊದಲ ದಿನಗಳಲ್ಲಿ ದೋಣಿ ಸೋರುವುದು ಸಹಜ. ಮರ ನೀರು ಕುಡಿದು ಹಿಗ್ಗಿದಂತೆ ಸಂದಿಗಳು ತಾವಾಗಿ ಬಿಗಿಯುತ್ತವೆ. ಇದನ್ನು ಬಲ್ಲವರು ದೋಣಿಯನ್ನು ಇಳಿಸಿದ ಕೂಡಲೇ ಓಡಿಸುವುದಿಲ್ಲ. ಪಂಪು ಇಟ್ಟುಕೊಂಡು ಕೆಲವು ದಿನ ಧಕ್ಕೆಯಲ್ಲೇ ಕಾಯುತ್ತಾರೆ.

ಎರಡನೆಯದು ಇಂಧನದ ಟ್ಯಾಂಕು. ಹೆಚ್ಚಿನ ನೌಕೆಗಳು ಮೊದಲ ಯಾನದಲ್ಲಿ ನಡುಕಡಲಲ್ಲಿ ನಿಂತುಹೋಗುವುದು ಇದರಿಂದಲೇ. ಹಳೆಯ ಟ್ಯಾಂಕಿನ ತಳದಲ್ಲಿ ತುಕ್ಕು, ನೀರು, ಡೀಸೆಲ್ ಮತ್ತು ನೀರು ಸೇರುವಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಲೋಳೆ, ಎಲ್ಲವೂ ವರ್ಷಗಟ್ಟಲೆ ಸೇರಿ ಕೂತಿರುತ್ತವೆ. ಕಟ್ಟೆಯಲ್ಲಿ ಎಂಜಿನ್ ಗಂಟೆಗಟ್ಟಲೆ ಓಡಿದರೂ ಆ ಕೆಸರು ಅಲುಗುವುದಿಲ್ಲ. ಹೊರಗಡಲಿನ ತೆರೆ ಸಿಕ್ಕ ಕೂಡಲೇ ಟ್ಯಾಂಕಿನೊಳಗೆ ಡೀಸೆಲ್ ಕುಲುಕಿ ಕೆಸರು ಮೇಲೇಳುತ್ತದೆ, ಫಿಲ್ಟರ್ ಕಟ್ಟುತ್ತದೆ, ಎಂಜಿನ್ ಉಸಿರು ಹಿಡಿದಂತಾಗಿ ನಿಲ್ಲುತ್ತದೆ. ಎಂಜಿನ್ ಕೈಕೊಡುವುದು ಗಾಳಿ ಬಲವಾಗಿರುವ ಹೊತ್ತಿನಲ್ಲೇ ಎಂಬುದು ಇದರ ಅಪಾಯ. ಆದ್ದರಿಂದ ಹೊರಡುವ ಮೊದಲು ಟ್ಯಾಂಕನ್ನು ಬರಿದು ಮಾಡಿ ತೊಳೆಯಬೇಕು. ಎರಡು ಫಿಲ್ಟರ್‌ಗಳನ್ನು ಜೋಡಿಸಿ, ಒಂದು ಕಟ್ಟಿದರೆ ಇನ್ನೊಂದಕ್ಕೆ ತಿರುಗಿಸುವ ವ್ಯವಸ್ಥೆ ಇರಬೇಕು. ಎಂಜಿನ್ ತಂಪಾಗಿಡಲು ಕಡಲ ನೀರು ಎಳೆಯುವ ಪಂಪಿನೊಳಗಿನ ರಬ್ಬರ್ ಚಕ್ರವನ್ನೂ ಹೆಚ್ಚುವರಿಯಾಗಿ ಒಯ್ಯಬೇಕು. ಅಂಗೈಯಷ್ಟು ಅಗಲದ ಆ ರಬ್ಬರ್ ತುಂಡು ಹರಿದರೆ ಕೋಟಿ ರೂಪಾಯಿಯ ನೌಕೆಯೂ ತೇಲುವ ಮರವಷ್ಟೆ.

ದಿಕ್ಸೂಚಿಯ ವಿಷಯ ಅನೇಕರಿಗೆ ಹೊಳೆಯುವುದೇ ಇಲ್ಲ. ದುರಸ್ತಿಯಲ್ಲಿ ಎಂಜಿನ್ ಬದಲಾಗಿರುತ್ತದೆ, ಹೊಸ ತಂತಿಗಳು ಬಂದಿರುತ್ತವೆ, ಕಬ್ಬಿಣದ ಜಾಗ ಅದಲುಬದಲಾಗಿರುತ್ತದೆ. ಇವೆಲ್ಲ ಮುಳ್ಳನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತವೆ. ನೌಕೆಯನ್ನು ಎಲ್ಲ ದಿಕ್ಕಿಗೂ ತಿರುಗಿಸಿ, ಯಾವ ದಿಕ್ಕಿನಲ್ಲಿ ಮುಳ್ಳು ಎಷ್ಟು ತಪ್ಪು ತೋರಿಸುತ್ತದೆ ಎಂದು ಪಟ್ಟಿ ಮಾಡಿಕೊಳ್ಳಬೇಕು. ಜಿಪಿಎಸ್ ಇದ್ದರೂ ಇದನ್ನು ಬಿಡಬಾರದು. ಬ್ಯಾಟರಿ ಸತ್ತ ಮೇಲೂ ಕೆಲಸ ಮಾಡುವುದು ಆ ಮುಳ್ಳೊಂದೇ.

ನಮ್ಮ ಕರಾವಳಿಯಲ್ಲೇ ಅಂಥ ಯಾನವೊಂದನ್ನು ಊಹಿಸಿಕೊಳ್ಳೋಣ. ಕೊಚ್ಚಿಯಲ್ಲಿ ದುರಸ್ತಿಯಾದ ಹಳೆಯ ಮೋಟಾರು ನೌಕೆ ಮಂಗಳೂರಿಗೆ ಬರಬೇಕು. ದೂರ ಸುಮಾರು 190 ನಾಟಿಕಲ್ ಮೈಲಿ, ಅಂದರೆ 350 ಕಿಲೋಮೀಟರಿನಷ್ಟು. ಗಂಟೆಗೆ 8 ಮೈಲಿ ಓಡಿದರೆ ಒಂದು ಹಗಲು ಒಂದು ರಾತ್ರಿಯ ದಾರಿ. ಆದರೆ ಜಾಣ ತಂಡೇಲ (ದೋಣಿಯ ನಾಯಕ) ಅದನ್ನು ಒಂದೇ ಓಟದಲ್ಲಿ ಮುಗಿಸುವುದಿಲ್ಲ. ಬೇಪೂರಿನಲ್ಲಿ ಒಮ್ಮೆ, ಕಣ್ಣೂರಿನ ಅಳೀಕ್ಕಲಿನಲ್ಲಿ ಮತ್ತೊಮ್ಮೆ ನಿಲ್ಲುತ್ತಾನೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಬೆಳಗಿನ ಹೊತ್ತು ನೆಲದ ಕಡೆಯಿಂದ ಮೆಲುಗಾಳಿ ಬೀಸಿ ಕಡಲು ಸಮವಾಗಿರುತ್ತದೆ. ಮಧ್ಯಾಹ್ನದ ನಂತರ ವಾಯವ್ಯದ ಕಡಲಗಾಳಿ ಎದ್ದು, ಉತ್ತರಕ್ಕೆ ಬರುವ ದೋಣಿಗೆ ತೆರೆ ಎದುರಾಗುತ್ತದೆ. ಆದ್ದರಿಂದ ಬೆಳಕು ಹರಿಯುವಾಗ ಹೊರಟು, ಗಾಳಿ ಏಳುವ ಮೊದಲು ಆದಷ್ಟು ದಾರಿ ಸಾಗಿ, ಕತ್ತಲಾಗುವ ಮುನ್ನ ಬಂದರು ಸೇರುವುದು ಲೇಸು. ರಾತ್ರಿಯಲ್ಲಿ ಇನ್ನೊಂದು ತೊಂದರೆಯಿದೆ: ಮೀನುಗಾರರು ಬಿಟ್ಟ ಬಲೆಗಳು ಕಾಣುವುದಿಲ್ಲ. ನೌಕೆಯನ್ನು ತಳ್ಳುವ ಫ್ಯಾನಿಗೆ (ಪ್ರೊಪೆಲ್ಲರ್) ಬಲೆ ಸುತ್ತಿದರೆ ಯಾನವೂ ನಿಂತಿತು, ಯಾರದೋ ದುಡಿಮೆಯೂ ಹಾಳಾಯಿತು.

ಕೊನೆಯ ಕಷ್ಟ ಊರಿನ ಬಾಗಿಲಲ್ಲಿದೆ. ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆ ಬಾಗಿಲಲ್ಲಿ ಮರಳಿನ ದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ. ಹಳೆ ಬಂದರಿಗೆ ಹೋಗುವ ದೋಣಿ ಭರತಕ್ಕೆ ಕಾದು, ಅಲ್ಲಿಯ ನೀರು ಬಲ್ಲವರ ಹಿಂದೆ ಒಳಗೆ ಬರಬೇಕು.

ಇಷ್ಟು ಎಚ್ಚರ ಬರಿಯ ಅಂಜಿಕೆಯಲ್ಲ ಎಂಬುದಕ್ಕೆ ನೌಕಾಪಡೆಯ ‘ಕೌಂಡಿನ್ಯ’ ಒಳ್ಳೆಯ ಉದಾಹರಣೆ. ಅಜಂತಾದ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಾಯಿಹಡಗು ಅದು; ಕೇರಳದ ಬಾಬು ಶಂಕರನ್ ಅವರ ತಂಡದ ಕೈಕೆಲಸ. ಅದು ಮೋಟಾರು ನೌಕೆಯಲ್ಲ, ದುರಸ್ತಿಯದ್ದೂ ಅಲ್ಲ, ಹಳೆಯ ಮಾದರಿಯಲ್ಲಿ ಹೊಸದಾಗಿ ಕಟ್ಟಿದ್ದು. ಆದರೆ ಪಾಠ ಅದೇ. ಐಐಟಿ ಮದ್ರಾಸಿನಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಲಾಯಿತು. 2025ರ ಫೆಬ್ರವರಿಯಲ್ಲಿ ಗೋವಾದಲ್ಲಿ ನೀರಿಗಿಳಿದ ಹಡಗು ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಪೋರಬಂದರಿನಿಂದ ಮಸ್ಕತ್ತಿಗೆ ಹೊರಟದ್ದು ಡಿಸೆಂಬರ್ 29ರಂದು. ನಡುವಿನ ತಿಂಗಳುಗಳು ವ್ಯರ್ಥವಾದವಲ್ಲ. ಹಡಗಿನ ಸ್ವಭಾವವನ್ನು ಅರಿಯಲು ಬೇಕಾದ ಕಾಲ ಅದು. 2026ರ ಜನವರಿ 14ರಂದು ಅದು ಮಸ್ಕತ್ ತಲುಪಿತು. ಹಾಯಿಯ ಮೇಲಿದ್ದ ಗಂಡಭೇರುಂಡವನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. 

ಮೋಟಾರು ನೌಕೆಗಳಲ್ಲಿ ‘ಸನ್‌ಡೌನರ್’ ಕತೆ ಹೇಳದೆ ಇರಲಾಗದು. 1912ರಲ್ಲಿ ಬ್ರಿಟಿಷ್ ನೌಕಾಪಡೆಯ ಹಬೆದೋಣಿಯಾಗಿದ್ದ ಅದನ್ನು ಮುಂದೆ ಟೈಟಾನಿಕ್ ಹಡಗಿನ ದುರಂತದಲ್ಲಿ ಬದುಕುಳಿದ ಅಧಿಕಾರಿ ಚಾರ್ಲ್ಸ್ ಲೈಟೋಲರ್ ಕೊಂಡು ಮೋಟಾರು ನೌಕೆಯಾಗಿ ಮಾರ್ಪಡಿಸಿದರು. ಎರಡನೇ ಮಹಾಯುದ್ಧದಲ್ಲಿ, 1940ರ ಜೂನ್ 1ರಂದು, ಫ್ರಾನ್ಸಿನ ಡನ್‌ಕರ್ಕಿನಿಂದ ಸುಮಾರು 130 ಸೈನಿಕರನ್ನು ತುಂಬಿಕೊಂಡು, ಬಾಂಬುಗಳ ನಡುವೆ ಅದು ಇಂಗ್ಲೆಂಡಿನ ರಾಮ್ಸ್‌ಗೇಟ್ ಬಂದರಿಗೆ ಮರಳಿತು. ಅದರ ಪ್ರತಿಯೊಂದು ಮೊಳೆಯೂ ಒಡೆಯನಿಗೆ ಗೊತ್ತಿದ್ದದ್ದು ಅಂದು ನೆರವಾಗಿರಲೇಬೇಕು.

ನಮ್ಮ ಕಡೆ ಮರದ ಹಳೆಯ ದೋಣಿಗಳನ್ನು ಹೀಗೆ ಉಳಿಸಿಕೊಂಡವರು ವಿರಳ. ಒಂದು ಕಾಲಕ್ಕೆ ನೇತ್ರಾವತಿಯಲ್ಲಿ ಬಂಟ್ವಾಳ ಪೇಟೆಯವರೆಗೆ ಸರಕಿನ ದೋಣಿಗಳು ಬರುತ್ತಿದ್ದವು, ಘಟ್ಟದ ಕಾಫಿ ಅಲ್ಲಿಂದ ಮಂಗಳೂರಿಗೆ ಇಳಿಯುತ್ತಿತ್ತು. ಇಂದು ತುಂಬೆಯ ಕಿಂಡಿ ಅಣೆಕಟ್ಟು ಆ ದಾರಿಯನ್ನು ಅಡ್ಡಗಟ್ಟಿದೆ. ಕಡಲಿನಲ್ಲೂ ಫೈಬರ್, ಉಕ್ಕಿನ ಬೋಟುಗಳೇ ತುಂಬಿವೆ. ಸೌದೆಯಾಗುವ ಮೊದಲು ಮರದ ಹಳೆಯ ದೋಣಿಗಳಲ್ಲಿ ಕೆಲವನ್ನಾದರೂ ಎತ್ತಿಟ್ಟು ದುರಸ್ತಿ ಮಾಡಬಲ್ಲ ಬಡಗಿಗಳು ಈ ಕರಾವಳಿಯಲ್ಲಿ ಇನ್ನೂ ಇದ್ದಾರೆ. ಅವರಿಗೆ ಕೆಲಸ ಕೊಡುವವರು ಬೇಕು.

ಊರಿಗೆ ಬಂದ ನೌಕೆಗೂ ಬಿಡುವಿಲ್ಲ. ಎಣ್ಣೆ, ಫಿಲ್ಟರ್ ಬದಲಾಗಬೇಕು, ಸೋರಿದ ಸಂದಿಗಳನ್ನು ಗುರುತು ಹಾಕಿ ತುಂಬಬೇಕು, ತಳಕ್ಕೆ ಕಟ್ಟಿದ ಸತುವಿನ ತುಂಡುಗಳು ಎಷ್ಟು ಸವೆದಿವೆ ಎಂದು ನೋಡಬೇಕು. ಕಡಲ ಉಪ್ಪು ಫ್ಯಾನಿನ ಲೋಹವನ್ನು ಬಿಟ್ಟು ಮೊದಲು ಸತುವನ್ನೇ ತಿನ್ನಲಿ ಎಂದು ಅವನ್ನು ಕಟ್ಟಿರುತ್ತಾರೆ. ಮಳೆಗಾಲ ಶುರುವಾಗುವ ಜೂನ್ ಮೊದಲ ವಾರಕ್ಕೆ ಮುನ್ನ ದೋಣಿ ದಡ ಹತ್ತಿರಬೇಕು, ಅದಕ್ಕೆ ಧಕ್ಕೆಯಲ್ಲಿ ಜಾಗ ಈಗಲೇ ಕೇಳಿಟ್ಟುಕೊಂಡಿರಬೇಕು.