ಇಂಧನ ಕೋಶದಲ್ಲಿ ಪ್ಲಾಟಿನಂ ಮಿತವ್ಯಯ: ಮಿಶ್ರಲೋಹ ತಂದ ಲಾಭ, ತಂದ ತೊಡಕು

ಹೊಗೆಯ ಬದಲು ನೀರನ್ನಷ್ಟೇ ಹೊರಬಿಡುವ ಕಾರು ಈಗ ಕಲ್ಪನೆಯ ವಸ್ತುವಲ್ಲ. ಜಪಾನಿನ ಟೊಯೊಟಾ ಕಂಪನಿ 2014ರ ಡಿಸೆಂಬರ್‌ನಲ್ಲೇ ‘ಮಿರಾಯ್’ ಎಂಬ ಜಲಜನಕ ಕಾರನ್ನು ಮಾರಾಟಕ್ಕೆ ಬಿಟ್ಟಿತು. ಆದರೂ ಇಂತಹ ವಾಹನಗಳು ರಸ್ತೆಯಲ್ಲಿ ಇಂದಿಗೂ ಅಪರೂಪ. ಜಲಜನಕದ ಬೆಲೆ ಹಾಗೂ ಅದನ್ನು ತುಂಬಿಸುವ ಬಂಕ್‌ಗಳ ಅಭಾವ ಇದಕ್ಕೆ ಮುಖ್ಯ ಕಾರಣಗಳು. ಅವುಗಳಷ್ಟು ಚರ್ಚೆಗೆ ಬಾರದ ಮತ್ತೊಂದು ಕಾರಣ ವಿದ್ಯುತ್ ಉತ್ಪಾದಿಸುವ ಇಂಧನ ಕೋಶದೊಳಗೇ ಅಡಗಿದೆ. ಅದು ಪ್ಲಾಟಿನಂ.

ಕೋಶದ ರಚನೆ ಮೇಲ್ನೋಟಕ್ಕೆ ಸರಳ. ತೆಳುವಾದ ಪ್ಲಾಸ್ಟಿಕ್ ಪೊರೆಯೊಂದರ ಎರಡೂ ಬದಿಗೆ ವೇಗವರ್ಧಕದ ಲೇಪನವಿರುತ್ತದೆ. ಒಂದು ಬದಿಯಲ್ಲಿ ಜಲಜನಕದ ಅಣು ಒಡೆದು ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳಾಗುತ್ತದೆ. ಪ್ರೋಟಾನ್‌ಗಳು ಪೊರೆಯ ಮೂಲಕವೂ ಎಲೆಕ್ಟ್ರಾನ್‌ಗಳು ಹೊರಗಿನ ತಂತಿಯ ಮೂಲಕವೂ ಇನ್ನೊಂದು ಬದಿಗೆ ಸಾಗಿ, ಅಲ್ಲಿ ಆಮ್ಲಜನಕದೊಡನೆ ಕೂಡಿ ನೀರಾಗುತ್ತವೆ. ತಂತಿಯಲ್ಲಿ ಹರಿಯುವ ಎಲೆಕ್ಟ್ರಾನ್‌ಗಳೇ ಮೋಟಾರನ್ನು ತಿರುಗಿಸುವ ವಿದ್ಯುತ್. ಪೊರೆ ಆಮ್ಲೀಯ ಗುಣದ್ದಾದ್ದರಿಂದ ಅಗ್ಗದ ಲೋಹಗಳು ಅಲ್ಲಿ ಬಹುಬೇಗ ಕರಗಿಹೋಗುತ್ತವೆ. ಆಮ್ಲಕ್ಕೆ ಜಗ್ಗದೆ ಚುರುಕಾಗಿ ಕೆಲಸ ಮಾಡುವ ಲೋಹವೆಂದರೆ ಪ್ಲಾಟಿನಂ ಒಂದೇ ಎನ್ನಬಹುದು.

ಜಗತ್ತಿನ ಗಣಿಗಳಿಂದ ಬರುವ ಪ್ಲಾಟಿನಂನಲ್ಲಿ ಶೇ.70ರಷ್ಟು ದಕ್ಷಿಣ ಆಫ್ರಿಕಾ ಒಂದರದ್ದೇ. ಒಂದು ಟನ್ ಅದಿರಿನಲ್ಲಿ ದೊರೆಯುವುದು ಕೆಲವೇ ಗ್ರಾಂ. 2012ರ ಆಗಸ್ಟ್‌ನಲ್ಲಿ ಅಲ್ಲಿನ ಮಾರಿಕಾನಾ ಗಣಿಯ ಬಳಿ ಮುಷ್ಕರನಿರತ 34 ಕಾರ್ಮಿಕರು ಪೊಲೀಸರ ಗುಂಡಿಗೆ ಬಲಿಯಾದರು. 2014ರಲ್ಲಿ ಮತ್ತೆ ಐದು ತಿಂಗಳ ಕಾಲ ಮುಷ್ಕರ ನಡೆಯಿತು. ಒಂದೇ ನಾಡನ್ನು ಇಷ್ಟೊಂದು ನೆಚ್ಚಿಕೊಳ್ಳುವುದರ ಅಪಾಯವನ್ನು ವಾಹನ ತಯಾರಕರು ಬಲ್ಲರು. ಇದರ ಮೇಲೆ ಇನ್ನೊಂದು ಪೇಚೂ ಇದೆ. ತಯಾರಿಕೆಯ ಸಂಖ್ಯೆ ಹೆಚ್ಚಿದಂತೆ ಪೊರೆ, ಲೋಹದ ಫಲಕಗಳು ಅಗ್ಗವಾಗುತ್ತವೆ; ಪ್ಲಾಟಿನಂ ಹಾಗಲ್ಲ. ವರ್ಷಕ್ಕೆ 5 ಲಕ್ಷ ವಾಹನಗಳಿಗೆ ಬೇಕಾದಷ್ಟು ತಯಾರಿಸಿದರೆ ಕೋಶಗಳ ಜೋಡಣೆಯ ವೆಚ್ಚದಲ್ಲಿ ಸುಮಾರು ಶೇ.40 ವೇಗವರ್ಧಕದ ಪಾಲಾಗುತ್ತದೆ ಎಂದು ಅಮೆರಿಕದ ಇಂಧನ ಇಲಾಖೆ ಅಂದಾಜಿಸಿದೆ.

ಹತ್ತರಲ್ಲೊಂದು ಪಾಲು

ಉಳಿತಾಯದ ಮೊದಲ ದೊಡ್ಡ ಹೆಜ್ಜೆ ಇಟ್ಟದ್ದು ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯ. 1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ವಿಜ್ಞಾನಿಗಳು ಪ್ಲಾಟಿನಂ ಅನ್ನು ಇಂಗಾಲದ ಪುಡಿಯ ಮೇಲೆ ಸೂಕ್ಷ್ಮ ಕಣಗಳಾಗಿ ಕೂರಿಸಿ, ಪ್ರೋಟಾನ್ ಸಾಗಿಸುವ ಪಾಲಿಮರನ್ನು ಅದರೊಳಕ್ಕೆ ಇಳಿಸಿದರು. ಅದರಿಂದ ಚದರ ಸೆಂಟಿಮೀಟರಿಗೆ 4 ಮಿಲಿಗ್ರಾಂ ಬೇಕಾಗಿದ್ದ ಲೋಹ 0.4 ಮಿಲಿಗ್ರಾಂಗೆ ಇಳಿಯಿತು. ಜಲಜನಕದ ಬದಿಗೆ ಇದರ ಎಂಟನೇ ಒಂದು ಪಾಲೂ ಸಾಕು. ಹಠಮಾರಿಯೆಂದರೆ ಆಮ್ಲಜನಕದ ಬದಿ.

ಅದಕ್ಕೂ ಕಾರಣವಿದೆ. ಪ್ಲಾಟಿನಂ ಆಮ್ಲಜನಕವನ್ನು ಬೇಕಾದುದಕ್ಕಿಂತ ತುಸು ಬಿಗಿಯಾಗಿ ಹಿಡಿಯುತ್ತದೆ. ಊಟ ಮುಗಿದರೂ ಎಲೆ ಬಿಟ್ಟು ಏಳದ ನೆಂಟರಂತೆ, ಕೆಲಸ ಮುಗಿದ ಅಣುತುಣುಕುಗಳು ಜಾಗ ತೆರವು ಮಾಡದೆ ಮುಂದಿನ ಪಂಕ್ತಿಯನ್ನು ತಡೆಯುತ್ತವೆ. ಪ್ಲಾಟಿನಂಗೆ ಕೋಬಾಲ್ಟ್ ಅಥವಾ ನಿಕಲ್ ಬೆರೆಸಿದರೆ ಈ ಹಿಡಿತ ಸಡಿಲಗೊಳ್ಳುತ್ತದೆ. ಅವುಗಳ ಪರಮಾಣುಗಳು ಚಿಕ್ಕವು. ಮೇಲ್ಪದರದ ಪ್ಲಾಟಿನಂ ಪರಮಾಣುಗಳು ಇದರಿಂದ ಒತ್ತೊತ್ತಾಗಿ, ಅವುಗಳ ಎಲೆಕ್ಟ್ರಾನ್ ವಿನ್ಯಾಸವೇ ಬದಲಾಗುತ್ತದೆ. ಹೀಗಾಗಿ ಮಿಶ್ರಲೋಹದ ಪ್ರಯೋಜನ ದುಬಾರಿ ಲೋಹದ ಜಾಗವನ್ನು ಅಗ್ಗದ ಲೋಹ ತುಂಬುವುದಷ್ಟೇ ಅಲ್ಲ. ಉಳಿದ ಪ್ಲಾಟಿನಂ ಕೂಡ ಹೆಚ್ಚು ದುಡಿಯುತ್ತದೆ.

2007ರಲ್ಲಿ ವೊಯಿಸ್ಲಾವ್ ಸ್ಟಾಮೆಂಕೊವಿಚ್ ಮತ್ತು ಸಂಗಡಿಗರು ಮೂರು ಪಾಲು ಪ್ಲಾಟಿನಂ, ಒಂದು ಪಾಲು ನಿಕಲ್ ಇರುವ ಹರಳಿನ ಒಂದು ನಿರ್ದಿಷ್ಟ ಮುಖ ಶುದ್ಧ ಪ್ಲಾಟಿನಂನ ಅಂಥದೇ ಮುಖಕ್ಕಿಂತ ಹತ್ತು ಪಟ್ಟು ಚುರುಕಾಗಿರುವುದನ್ನು ತೋರಿಸಿದರು. 2014ರಲ್ಲಿ ಪೈಡಾಂಗ್ ಯಾಂಗ್ ಅವರೊಡಗೂಡಿ ಪ್ರಕಟಿಸಿದ ಟೊಳ್ಳು ಚೌಕಟ್ಟಿನಾಕಾರದ ಕಣಗಳು, ತೂಕಕ್ಕೆ ತೂಕ ಹೋಲಿಸಿದರೆ, ಸಾಮಾನ್ಯ ವೇಗವರ್ಧಕಕ್ಕಿಂತ 36 ಪಟ್ಟು ಮೇಲೆಂದು ದಾಖಲಾಯಿತು.

ಪ್ರಯೋಗಾಲಯದಿಂದ ರಸ್ತೆಗೆ

ಆದರೆ ಇಂತಹ ಅಂಕಿಗಳನ್ನು ಓದುವಾಗ ಎಚ್ಚರ ಅಗತ್ಯ. ಇವು ದ್ರವ ಆಮ್ಲದಲ್ಲಿ ಅದ್ದಿದ ಪುಟ್ಟ ಬಿಲ್ಲೆಯ ಮೇಲೆ ಅಳೆದ ಫಲಿತಾಂಶಗಳು. ಕಾರಿನೊಳಗೆ ಪರಿಸ್ಥಿತಿ ಬೇರೆ. ವೇಗ ಹೆಚ್ಚಿಸಿ ಇಳಿಸಿದಂತೆಲ್ಲ ವೋಲ್ಟೇಜ್ ಏರಿಳಿಯುತ್ತದೆ. ಆಗ ಕೋಬಾಲ್ಟ್, ನಿಕಲ್ ಮೆಲ್ಲಗೆ ಕರಗಿ ಹೊರಬರುತ್ತವೆ. ಮಿಶ್ರಲೋಹದ ಮೇಲುಗೈ ಅಷ್ಟರಮಟ್ಟಿಗೆ ಕುಗ್ಗುವುದಲ್ಲದೆ, ಕರಗಿದ ಅಯಾನುಗಳು ಪಾಲಿಮರಿನಲ್ಲಿ ಪ್ರೋಟಾನ್‌ಗಳ ಜಾಗ ಹಿಡಿದು ಅವುಗಳ ಸಂಚಾರಕ್ಕೆ ಅಡ್ಡಿಯಾಗುತ್ತವೆ. ಕಬ್ಬಿಣ ಇನ್ನೂ ಅಗ್ಗವಾದರೂ, ಅದರ ಅಯಾನು ಪೊರೆಯನ್ನೇ ತಿನ್ನುವ ರಾಸಾಯನಿಕ ಕ್ರಿಯೆಗೆ ಇಂಬು ಕೊಡುತ್ತದೆ.

ಎರಡನೆಯ ತೊಡಕು ಇನ್ನೂ ವಿಚಿತ್ರವಾದುದು. ಪ್ಲಾಟಿನಂ ಕಡಿಮೆಯಾದಷ್ಟೂ ಪ್ರತಿ ಕಣದ ಮೇಲಿನ ಹೊರೆ ಹೆಚ್ಚುತ್ತದೆ. ಪೂರ್ಣ ಶಕ್ತಿ ಬೇಕಾದಾಗ, ಕಣವನ್ನು ಮುಚ್ಚಿರುವ ಪಾಲಿಮರ್ ಪದರವನ್ನು ದಾಟಿ ಆಮ್ಲಜನಕ ಸಾಕಷ್ಟು ವೇಗವಾಗಿ ತಲುಪುವುದಿಲ್ಲ. ಅಂದರೆ ಲೋಹ ಎಷ್ಟೇ ಚುರುಕಾಗಿದ್ದರೂ ಏರು ರಸ್ತೆಯಲ್ಲಿ ಕೋಶ ಏದುಸಿರು ಬಿಡುತ್ತದೆ. ಮೊದಲ ಮಿರಾಯ್‌ನಲ್ಲೇ ಪ್ಲಾಟಿನಂ-ಕೋಬಾಲ್ಟ್ ಮಿಶ್ರಲೋಹ ಬಳಸಿದ್ದ ಟೊಯೊಟಾ, 2020ರ ಎರಡನೇ ಆವೃತ್ತಿಯಲ್ಲಿ ಸೂಕ್ಷ್ಮ ರಂಧ್ರಗಳುಳ್ಳ ಇಂಗಾಲವನ್ನು ಆಯ್ದುಕೊಂಡಿತು. ಕಣಗಳು ರಂಧ್ರದೊಳಗೆ ಕುಳಿತರೆ ಪಾಲಿಮರ್ ಅವುಗಳಿಗೆ ನೇರವಾಗಿ ಅಂಟಿಕೊಳ್ಳುವುದಿಲ್ಲ.

ಕಾರುಗಳಿಗೆಂದು ಅಮೆರಿಕದ ಇಂಧನ ಇಲಾಖೆ ಇರಿಸಿಕೊಂಡ ಗುರಿ ಕಿಲೋವಾಟ್‌ಗೆ 0.125 ಗ್ರಾಂ, 100 ಕಿಲೋವಾಟ್ ಕಾರಿಗೆ 12.5 ಗ್ರಾಂ ಎಂದಾಯಿತು. ಆದರೆ 2020ರಲ್ಲಿ ಗಮನ ಲಾರಿಗಳತ್ತ ಹೊರಳಿತು. ಲಾರಿಯ ಕೋಶ 25,000 ಗಂಟೆ ಬಾಳಬೇಕು. ಇದಕ್ಕಾಗಿ ಚದರ ಸೆಂಟಿಮೀಟರಿಗೆ 0.3 ಮಿಲಿಗ್ರಾಂವರೆಗೂ ಪ್ಲಾಟಿನಂ ಬಳಸಲು ಅವಕಾಶ ನೀಡಲಾಯಿತು. ಕಾರಿಗೆ ಇದ್ದ ಮಿತಿ 0.125. ಎಷ್ಟು ಕಡಿಮೆ ಎನ್ನುವ ಪ್ರಶ್ನೆಗಿಂತ ಎಷ್ಟು ಕಾಲ ಎನ್ನುವ ಪ್ರಶ್ನೆ ಮುಂದೆ ಬಂದಿತು ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಭಾರತಕ್ಕೂ ಈ ಲೆಕ್ಕ ದೂರದ್ದಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ 2022ರ ಮಾರ್ಚ್‌ನಲ್ಲಿ ಮಿರಾಯ್ ಕಾರನ್ನು ದೇಶದ ರಸ್ತೆಗಳಲ್ಲಿ ಪರೀಕ್ಷಿಸುವ ಅಧ್ಯಯನ ಆರಂಭಿಸಿತು. 2015ರ ಲೆಕ್ಕದಂತೆ ದೇಶದಲ್ಲಿ ಗುರುತಿಸಲಾಗಿದ್ದ ಪ್ಲಾಟಿನಂ ವರ್ಗದ ಲೋಹಗಳ ಸಂಪನ್ಮೂಲ ಸುಮಾರು 15.7 ಟನ್ ಮಾತ್ರವಾಗಿತ್ತು. ಅದರಲ್ಲಿ ಬಹುಪಾಲು ಒಡಿಶಾದಲ್ಲಿದ್ದರೆ, ಸುಮಾರು 1.5 ಟನ್ ಕರ್ನಾಟಕದ ಹನುಮಲಾಪುರ ಪ್ರದೇಶದಲ್ಲಿದೆ. ಉಳಿದಂತೆ ಆಮದೇ ಗತಿ. ಹಳೆಯ ಕೋಶಗಳಿಂದ ಪ್ಲಾಟಿನಂ ಮರಳಿ ಪಡೆಯಲು ಸಾಧ್ಯವಿದೆ. ಆದರೆ ಪೊರೆಯಲ್ಲಿ ಫ್ಲೋರಿನ್ ಇರುವುದರಿಂದ ಸುಟ್ಟಾಗ ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಹೊರಬರುತ್ತದೆ. ಆ ಅನಿಲವನ್ನು ಹಿಡಿದಿಡುವ ವ್ಯವಸ್ಥೆಯಿಲ್ಲದ ಕುಲುಮೆಗಳಿಗೆ ಈ ಕೆಲಸ ಒಪ್ಪಿಸುವಂತಿಲ್ಲ.